ಪೈಲವಾನರಿಗೆ ಮುಂದಿನ ಸಾಲು

ಸಂಗೀತಸಭೆಗಳ ಕಾರ್ಯದರ್ಶಿಗಳಾದ ಮಹನೀಯರು ವರ್ಷಕ್ಕೊಮ್ಮೆ ತಪ್ಪದೆ ಹಾಡುವ ರಾಗವೊಂದಿದೆ. ಅದಕ್ಕೆ ಹೊತ್ತಿನ ಕಟ್ಟಳೆಯಿಲ್ಲ. ಬೆಳಿಗ್ಗೆ ಹಾಡಿದರೂ ಸಲ್ಲುತ್ತದೆ, ಸಂಜೆ ಹಾಡಿದರೂ ಸಲ್ಲುತ್ತದೆ. ಕೇಳುವವರಿಲ್ಲ, ಜನರ ಅಭಿರುಚಿ ಕೆಟ್ಟಿದೆ, ಹುಡುಗರಿಗೆ ಕ್ರಿಕೆಟ್ಟಿನ ಹುಚ್ಚು, ಹಿರಿಯರಿಗೆ ಕುಸ್ತಿಯ ಹುಚ್ಚು, ಇಂಥ ಸೀಮೆಯಲ್ಲಿ ಖಯಾಲು ಹಾಡಿಸುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಎಂಬುದು ಅದರ ಪಲ್ಲವಿ. ವಿಜಾಪುರದಂಥ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಈ ರಾಗವನ್ನು ಬಹಳ ಸಲ ಕೇಳಿದ್ದೇನೆ. ಹಾಡಿದವರಿಗೆ ಬೇಸರ ಬಂದಿಲ್ಲ, ನನಗೆ ಬಂದಿದೆ. ಆದುದರಿಂದ ಈ ಜಗಳ.

ಜಗಳದ ವಿಷಯ ಇಷ್ಟು. ಕುಸ್ತಿ, ಕಬಡ್ಡಿ, ಸೈಕಲ್ಲುಗಳ ಮೇಲೆ ಪ್ರಾಣವಿಟ್ಟುಕೊಂಡಿರುವ ನಮ್ಮ ಸೀಮೆಯ ತಂದೆತಾಯಿಗಳು ಸಂಗೀತದಿಂದ ದೂರದವರಲ್ಲ. ಎದುರಿಗೆ ಕುಳಿತು ಕೇಳುವ ಸಂಗೀತಕ್ಕೆ ಬೇಕಾದ ಸಿದ್ಧತೆಯಲ್ಲಿ ಅರ್ಧ ಭಾಗ ಅವರಲ್ಲಿ ಆಗಲೇ ಇದೆ. ಅದು ಸಭೆಯ ವರ್ಗಣಿ ಕೊಟ್ಟು ಮುಂದಿನ ಸೋಫಾದಲ್ಲಿ ಕೂರುವ ಎಷ್ಟೋ ಜನರಲ್ಲಿ ಇಲ್ಲ. ಅವರನ್ನು ದೂರ ಇಟ್ಟವರು ನಾವು: ಸಭೆ ನಡೆಸುವವರು, ಶಾಲೆ ನಡೆಸುವವರು, ಓದು ಬಲ್ಲವರೆನಿಸಿಕೊಂಡವರು.

ಕನ್ನಡದ ಮೇಷ್ಟರಿಗೆ ಮೊದಲ ಸಾಕ್ಷಿ ಮಾತೇ ಅಲ್ಲವೆ? ನಮ್ಮ ಕಡೆ ಗರಡಿಮನೆಗೆ ತಾಲೀಮು ಎನ್ನುತ್ತಾರೆ. ಅರಬ್ಬಿಯಿಂದ ಬಂದ ಮಾತು; ಶಿಕ್ಷಣವೆಂದು ಅರ್ಥ. ಗುರುವಿನ ಎದುರಿಗೆ ಕುಳಿತು ಗಾಯಕನು ಪಡೆಯುವುದಕ್ಕೂ ಅದೇ ತಾಲೀಮು ಎಂಬ ಹೆಸರು. ಡಾವು-ಪಟ್ಟು ಹೇಳಿಕೊಡುವ ಹಿರಿಯ ಪೈಲವಾನ ನಮ್ಮಲ್ಲಿ ವಸ್ತಾದ. ಖಾನದಾನಿ ಗವಾಯಿಗಳು ಉಸ್ತಾದ. ಒಂದೇ ಮಾತು, ಒಂದು ಮನೆಯಲ್ಲಿ ಕಚ್ಚೆ ಕಟ್ಟಿದೆ, ಇನ್ನೊಂದು ಮನೆಯಲ್ಲಿ ಶೇರವಾನಿ ಹಾಕಿದೆ. ದಂಡ-ಬೈಠಕ್ ಹೊಡೆಯುವ ಬೈಠಕ್ಕೂ ಹಾಡಿನ ಬೈಠಕ್ಕೂ ಉಚ್ಚಾರದಲ್ಲಿ ಭೇದವಿಲ್ಲ. ಅಚ್ಚ ಕನ್ನಡಕ್ಕೆ ಬಂದರೂ ಅಷ್ಟೆ. ಸವಾಯಿ ಗಂಧರ್ವರ ಶಿಷ್ಯರ ಬಗ್ಗೆ ಬರೆಯುವ ಪಂಡಿತರು ‘ಅವರ ಗರಡಿಯಲ್ಲಿ ಪಳಗಿದವರು’ ಎಂದು ಬರೆಯುತ್ತಾರೆ; ಆದರೆ ಗರಡಿಯಿಂದ ಎದ್ದು ಬಂದವನು ಸಭೆಯ ಬಾಗಿಲಲ್ಲಿ ಕಂಡರೆ ಅದೇ ಪಂಡಿತರ ಹುಬ್ಬು ಮೇಲೇರುತ್ತದೆ. ಕಸರತ್ತು ಎಂಬ ಮಾತು ಮಾತ್ರ ಪಾಪ, ಗರಡಿಯಲ್ಲಿ ಹೊಗಳಿಕೆ, ಸಂಗೀತ ವಿಮರ್ಶಕರ ಬಾಯಲ್ಲಿ ಬೈಗುಳ.

ಇದು ಬರಿಯ ಮಾತಿನ ಆಟವೆನ್ನುವವರು ಕುಸ್ತಿಯ ಕಣಕ್ಕೆ ಹೋಗಿ ನೋಡಲಿ. ಜೋಡಿ ಕೈ ಕೊಟ್ಟೊಡನೆ ಹಲಗೆ ಶುರುವಾಗುತ್ತದೆ. ಹಿಡಿತ ಬಿಗಿದಂತೆ ಹಲಗೆಯ ಗತಿ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಹಲಗೆಯವನ ಕಣ್ಣು ಪೈಲವಾನನ ಕಾಲಿನ ಮೇಲೆ, ಪೈಲವಾನನ ಕಿವಿ ಹಲಗೆಯ ಮೇಲೆ. ಮನುಷ್ಯನ ಮೈ ನೋಡಿ ಆ ಕ್ಷಣಕ್ಕೆ ಹುಟ್ಟುವ ನಾದ ಇದು; ಬರೆದಿಟ್ಟದ್ದಲ್ಲ, ಮುದ್ರಿಸಿಟ್ಟದ್ದೂ ಅಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಜಂಗೀ ಕುಸ್ತಿ ನೋಡಿ, ಭಾರದ ಕಲ್ಲು ಎತ್ತುವವರನ್ನು ನೋಡಿ ಭಲೇ ಎಂದ ಜನರೇ ರಾತ್ರಿಯೆಲ್ಲ ಶ್ರೀಕೃಷ್ಣ ಪಾರಿಜಾತಕ್ಕೂ ಗೀಗೀ ಪದಕ್ಕೂ ಕಂಬಳಿ ಹೊದ್ದು ಕೂರುತ್ತಿದ್ದರು. ಹಗಲಿನ ಪ್ರೇಕ್ಷಕ ಬೇರೆ, ರಾತ್ರಿಯ ಶ್ರೋತೃ ಬೇರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅರಮನೆಯವರಿಗೂ ಈ ಭೇದ ತಿಳಿದಿರಲಿಲ್ಲ. ವಿಜಾಪುರದಿಂದ ತಿಕೋಟಾದ ಹಾದಿ ಹಿಡಿದರೆ ಮೊದಲು ತೊರವಿ ಸಿಗುತ್ತದೆ. 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನು 1599ರಲ್ಲಿ ನವರಸಪುರವನ್ನು ಕಟ್ಟಿಸತೊಡಗಿದ್ದು ಅಲ್ಲಿ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ‘ಕಿತಾಬ್-ಎ-ನವರಸ್’ ಎಂಬ ಗೀತಗಳ ಪುಸ್ತಕ ಬರೆದ ಈ ದೊರೆ ತನ್ನ ಮೋತಿಖಾನ್ ಎಂಬ ತಂಬೂರಿಯನ್ನೂ ಆತಷಖಾನ್ ಎಂಬ ಆನೆಯನ್ನೂ ಅದೇ ಒಂದು ಪುಸ್ತಕದಲ್ಲಿ ಕೊಂಡಾಡಿದ್ದಾನೆ. ಆನೆಗೆ ಒಂದು ಪುಸ್ತಕ, ತಂಬೂರಿಗೆ ಒಂದು ಪುಸ್ತಕ ಎಂದು ಬೇರೆ ಮಾಡಲಿಲ್ಲ. ಇಂದು ಆ ಹಾದಿಯಲ್ಲಿ ದ್ರಾಕ್ಷಿಯ ಲಾರಿಗಳು ಓಡಾಡುತ್ತವೆ. ಪಾಳುಬಿದ್ದ ಸಂಗೀತ ಮಹಲನ್ನು ಬಸ್ಸಿನ ಕಿಟಕಿಯಿಂದಲೂ ಯಾರೂ ನೋಡುವುದಿಲ್ಲ.

ಇನ್ನೂ ಕಣ್ಣಿಗೆ ಕಟ್ಟುವ ಸಾಕ್ಷಿ ಬೇಕಾದವರು ಪಡುವಣಕ್ಕೆ, ಕನ್ನಡ-ಮರಾಠಿ ಎರಡೂ ಕೇಳುವ ಕೊಲ್ಲಾಪುರಕ್ಕೆ ಹೋಗಬೇಕು. ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಕುಸ್ತಿ ಮೈದಾನವನ್ನು ಕಟ್ಟಿಸಿದರು; ಅದಕ್ಕೆ ಆತುಕೊಂಡೇ 1915ರಲ್ಲಿ ನಾಟಕಮಂದಿರ ತೆರೆಯಿತು. ಒಂದು ಕಡೆ ಕೆಮ್ಮಣ್ಣು, ಒಂದು ಕಡೆ ರಂಗಸಂಗೀತ, ನಡುವೆ ಹೆಚ್ಚೆಂದರೆ ಒಂದು ಗೋಡೆ. ಅದೇ ದೊರೆಯ ಆಸ್ಥಾನದಲ್ಲಿ ಅಲ್ಲಾದಿಯಾ ಖಾನರು ಹಾಡುತ್ತಿದ್ದರು. ಅವರ ಮಕ್ಕಳಾದ ಮಂಜಿಖಾನ, ಭೂರ್ಜಿಖಾನರ ತಾಲೀಮಿನಲ್ಲಿ ನಮ್ಮ ಮಲ್ಲಿಕಾರ್ಜುನ ಮನಸೂರರು ಮಲ್ಲಿಕಾರ್ಜುನ ಮನಸೂರರಾದರು. 2024ರ ಆಗಸ್ಟ್ 8ರ ರಾತ್ರಿ ಅಲ್ಲಿ ಬೆಂಕಿ ಬಿದ್ದಾಗ ನಾಟಕಮಂದಿರವೂ ಸುಟ್ಟಿತು, ಕುಸ್ತಿ ಮೈದಾನದ ವೇದಿಕೆಯೂ ಸುಟ್ಟಿತು. ಬೆಂಕಿಗೂ ಗೋಡೆ ಕಾಣಲಿಲ್ಲ.

ಈಗ ನಮ್ಮೂರಿಗೆ ಬರುತ್ತೇನೆ. ನನ್ನದು ತಿಕೋಟಾ ಸೀಮೆಯ ಘೋಣಸಗಿ. ಅಲ್ಲಿಯ ಒಬ್ಬ ತಂದೆಯ ಸಂಗತಿಯನ್ನು ಹೇಳಬೇಕು; ಹೆಸರು ಬೇಡ. ಪ್ರಾಯದಲ್ಲಿ ಹತ್ತೂರ ಕಣಗಳಲ್ಲಿ ಲಂಗೋಟಿ ಕಟ್ಟಿದವರು. ಎಡಗಿವಿ ಮುದ್ದೆಯಾಗಿದೆ, ಅದೇ ಅವರ ಪದವಿಪತ್ರ. ಈಗ ದ್ರಾಕ್ಷಿಯ ಪಡ ನೋಡಿಕೊಂಡಿದ್ದಾರೆ. ಮಗಳು ನಮ್ಮ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ, ನಸುಕಿನಲ್ಲಿ ಎದ್ದು ತಿಕೋಟಾ ರಸ್ತೆಯಲ್ಲಿ ಸೈಕಲ್ ತುಳಿಯುತ್ತಾಳೆ, ವಾರಕ್ಕೆ ಎರಡು ದಿನ ಊರೊಳಗೆ ಒಬ್ಬ ಗುರುಗಳಲ್ಲಿ ಹಾಡು ಕಲಿಯುತ್ತಾಳೆ. ಈ ಮೂರನೆಯದು ತಂದೆಗೆ ಒಪ್ಪಿಗೆಯಾಗಿರಲಿಲ್ಲ. ಅದನ್ನು ಬಿಡಿಸಿರೆಂದು ಹೇಳಲು ನನ್ನ ಬಳಿಗೆ ಬಂದರು.

“ಸರ, ಸೈಕಲ್ ಹೊಡದ್ರ ನಂಬರ ಬರತೈತಿ, ನಂಬರ ಬಂದ್ರ ಪೊಲೀಸ ನೌಕರಿ ಬರತೈತಿ. ಹಾಡಿದ್ರ ಏನ್ ಬರತೈತ್ರಿ? ಇದರಾಗ ಗೆದ್ದಾಂವ ಯಾರಂತ ಹೆಂಗ ಹೇಳ್ತೀರಿ?”

ಈ ಪ್ರಶ್ನೆಗೆ ನಗುವವರು ನಗಬಹುದು. ನಾನು ನಗಲಿಲ್ಲ. ವಿಜಾಪುರ ಜಿಲ್ಲೆ ಸೈಕಲ್ ಸವಾರರನ್ನು ನಾಡಿಗೆ ಕೊಟ್ಟ ಜಿಲ್ಲೆ. ಈ ಊರಿನ ಮಗಳು ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲಂಡಿನ ಐದು ವಿಕೆಟ್ಟುಗಳನ್ನು 15 ರನ್ನಿಗೆ ಉರುಳಿಸಿದಾಗ ಹಳ್ಳಿಹಳ್ಳಿಯ ಅಪ್ಪಂದಿರು ತಮ್ಮ ಹೆಣ್ಣುಮಕ್ಕಳನ್ನು ಹೊಸ ಕಣ್ಣಿನಿಂದ ನೋಡಿದರು. ಆಟ ಅವರ ಮನೆಯ ಬಾಗಿಲು ತೆರೆಯಿತು, ಮಗಳನ್ನು ಹೊರಗೆ ಕಳಿಸಿತು. ಅಂಥ ತಂದೆ ಹಾಡಿನ ಲೆಕ್ಕ ಕೇಳಿದರೆ ಅದು ದಡ್ಡತನವಲ್ಲ, ಜವಾಬುದಾರಿ. ಲೆಕ್ಕ ಕೊಡಬೇಕಾದವರು ನಾವು.

ನಾನು ಕೊಟ್ಟ ಉತ್ತರ ಅವರಿಗೆ ಹಿಡಿಸಲಿಲ್ಲ; ಮೇಷ್ಟರ ಉತ್ತರಗಳು ಸಾಮಾನ್ಯವಾಗಿ ಯಾರಿಗೂ ಹಿಡಿಸುವುದಿಲ್ಲ. ಅವರನ್ನು ತಿರುಗಿಸಿದ್ದು ಒಂದು ಸಂಜೆಯ ಹಾಡು. ಅದೂ ಅವರು ಹಾಡು ಕೇಳಲು ಬಂದದ್ದಲ್ಲ. ಧಾರವಾಡದ ಕಡೆಯ ಗಾಯಕಿಯೊಬ್ಬರ ಕಚೇರಿ ಊರಲ್ಲಿತ್ತು. ಶಿಷ್ಯರೆಲ್ಲ ಬರಲೇಬೇಕೆಂದು ಗುರುಗಳ ಅಪ್ಪಣೆ. ಮುಗಿಯುವ ಹೊತ್ತಿಗೆ ಬಸ್ಸಿಲ್ಲ, ಮಗಳನ್ನು ಕರೆದುಕೊಂಡು ಹೋಗಲು ಮೋಟಾರ್ ಸೈಕಲ್ಲಿನ ಮೇಲೆ ಬಂದ ತಂದೆ ಹೊರಗೆ ನಿಲ್ಲುವುದೇಕೆಂದು ಒಳಗೆ ಬಂದರು. ಮುಂದಿನ ಎರಡು ಸಾಲು ಸೋಫಾಗಳು ಖಾಲಿ. ದಾನಿಗಳಿಗೆಂದು ಚೀಟಿ ಅಂಟಿಸಿತ್ತು. ದಾನಿಗಳು ಬಂದಿರಲಿಲ್ಲ, ಕೊನೆಯ ವರೆಗೂ ಬರಲಿಲ್ಲ. ಬ್ಯಾಜು ಹಚ್ಚಿದ ತರುಣನೊಬ್ಬ ನಮ್ಮ ಪೈಲವಾನರನ್ನು ತಡೆದು ಗೋಡೆಯ ಬದಿಯ ಕಬ್ಬಿಣದ ಕುರ್ಚಿ ತೋರಿಸಿದ. ನಾನು ಅವರ ಪಕ್ಕಕ್ಕೆ ಹೋಗಿ ಕುಳಿತೆ.

ಯಮನ್ ರಾಗ, ವಿಲಂಬಿತ ಏಕತಾಲ. ಹನ್ನೆರಡು ಮಾತ್ರೆಗಳ ಒಂದು ಆವರ್ತ ಸುತ್ತಿ ಬರಲು ಮುಕ್ಕಾಲು ನಿಮಿಷ ಬೇಕಾಗುವಂಥ ನಿಧಾನ. ಕಲಿತವರು ಆಕಳಿಸುವುದು ಇಲ್ಲಿಯೇ. ‘ಏನೂ ಆಗುತ್ತಿಲ್ಲವಲ್ಲ, ಭಜನೆ ಯಾವಾಗ?’ ಎಂದು ಹಿಂದೆ ಯಾರೋ ಕೇಳಿದ್ದೂ ನನಗೆ ಕೇಳಿಸಿತು. ಪೈಲವಾನರು ಮಾತ್ರ ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿದ್ದರು. ನನಗೆ ಆಶ್ಚರ್ಯವಾಯಿತು, ಸ್ವಲ್ಪ ಯೋಚಿಸಿದ ಮೇಲೆ ಆಶ್ಚರ್ಯಪಡಬೇಕಾದ್ದೇನೂ ಇಲ್ಲವೆಂದು ತೋರಿತು. ಇಬ್ಬರು ಜಟ್ಟಿಗಳು ಹಣೆಗೆ ಹಣೆ ಹಚ್ಚಿ, ಕತ್ತಿನ ಮೇಲೆ ಕೈಯಿಟ್ಟು, ಅಲುಗಾಡದೆ ಕಾಲು ಗಂಟೆ ನಿಂತದ್ದನ್ನು ಎಷ್ಟು ಸಲ ನೋಡಿದ್ದಾರೋ! ಅರಿಯದವನಿಗೆ ಅಲ್ಲಿ ಏನೂ ನಡೆದಿಲ್ಲ. ಅರಿತವನಿಗೆ ಎಲ್ಲವೂ ಅಲ್ಲಿಯೇ ನಡೆದಿದೆ. ಚಿತ್ ಮಾಡುವುದು ಆಮೇಲಿನ ಒಂದು ನಿಮಿಷದ ಕೆಲಸ. ನಿಧಾನವನ್ನು ನೋಡಬಲ್ಲ ಕಣ್ಣು ಇರುವವನಿಗೆ ನಿಧಾನವನ್ನು ಕೇಳಬಲ್ಲ ಕಿವಿ ಬರಲು ಎಷ್ಟು ಹೊತ್ತು ಬೇಕು?

ಆಕೆ ನಿಷಾದಕ್ಕೆ ಬಂದು ನಿಂತರು. ಮೇಲಿನ ಷಡ್ಜ ಒಂದು ಗೇಣು ದೂರದಲ್ಲಿ. ಮುಟ್ಟಲಿಲ್ಲ. ಕೆಳಗಿಳಿದು ಬೇರೆ ದಾರಿಯಿಂದ ಬಂದರು, ಮತ್ತೆ ಅದೇ ನಿಷಾದ. ಮುಟ್ಟಹೋದಾಗ ದನಿ ಒಂದು ಎಳೆ ಸೀಳಿತು. ಆಕೆ ನಕ್ಕರು, ಒಂದು ಉಸಿರು ತೆಗೆದುಕೊಂಡರು, ಮೂರನೆಯ ಸಲ ಏರಿ ತಾರಷಡ್ಜದ ಮೇಲೆ ಅಲ್ಲಾಡದೆ ನಿಂತರು. ಅಲ್ಲಿಂದ ಇಳಿಯುತ್ತ ಇಳಿಯುತ್ತ ತಬಲೆಯ ಸಮಕ್ಕೆ ಸರಿಯಾಗಿ ಬಂದು ಬಿದ್ದರು. “ಭಲೇ ಪಠ್ಠೇ!” ಎಂದು ಪೈಲವಾನರ ಬಾಯಿಂದ ಬಂದೇಬಿಟ್ಟಿತು. ಕಣದಲ್ಲಿ ಕೂಗುವಷ್ಟೇ ಜೋರಾಗಿ.

ಮುಂದಿದ್ದ ಗೃಹಸ್ಥರೊಬ್ಬರು ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅವರ ಇನ್ನೊಂದು ಕೈಯಲ್ಲಿ ಮೊಬೈಲು ಉರಿಯುತ್ತಿತ್ತು. ಆ ಸಂಜೆಯ ಯಮನ್‌ನಲ್ಲಿ ಅರ್ಧವನ್ನು ಅವರು ಅದರ ಬೆಳಕಿನಲ್ಲಿಯೇ ಕಳೆದಿದ್ದರು. ‘ಕ್ಯಾ ಬಾತ್ ಹೈ’ ಎಂದರೆ ಸಭ್ಯತೆ, ‘ಭಲೇ’ ಎಂದರೆ ಗದ್ದಲ, ಇದು ಯಾವ ಶಾಸ್ತ್ರದ ನಿಯಮ? ವೇದಿಕೆಯ ಮೇಲಿದ್ದ ಗಾಯಕಿಗೆ ಆ ನಿಯಮ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಆಕೆ ಕಣ್ಣು ತೆರೆದು, ದನಿ ಬಂದ ಗೋಡೆಯ ಕಡೆಗೆ ನೋಡಿ, ಕೈ ಹಣೆಗೆ ಮುಟ್ಟಿಸಿದರು. ಸಮಕ್ಕೆ ಸರಿಯಾಗಿ ಬಂದ ದಾದು ಅದೊಂದೇ ಆಗಿತ್ತು.

ಕಚೇರಿ ಮುಗಿದ ಮೇಲೆ ಪೈಲವಾನರು ಗಾಡಿಯ ಹತ್ತಿರ ನಿಂತು ಹೇಳಿದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ. “ಮೊದಲಿಗೆ ನಾ ಯಾರು ಗೆಲ್ತಾರ ಅಂತ ನೋಡ್ಲಾಕತ್ತಿದ್ನಿರಿ ಸರ. ತಬಲಾದಾಂವ ಆಕಿನ್ನ ಹಿಡೀಲಾಕ ಕುಂತಾನ ಅಂತ ತಿಳಕೊಂಡೆ. ಆಮ್ಯಾಲ ನೋಡಿದ್ರ, ಆಂವ ಆಕಿಗಿ ಕಾಲ ಇಡೂ ಜಾಗಾ ತೋರಿಸ್ಲಾಕತ್ತಿದ್ದ. ಇಬ್ರೂ ಕೂಡಿ ಅಲ್ಲೇನೋ ಇನ್ನೊಂದನ್ನ ಹಿಡೀಲಾಕತ್ತಿದ್ರು. ನನಗ ಹಾಡು ತಿಳಿಯೂದಿಲ್ರಿ. ದಮ್ಮು ತಿಳೀತೈತಿ.” ಮಗಳ ಮೊಬೈಲಿನಲ್ಲಿ ಇಂಥದ್ದನ್ನು ದಿನವೂ ಕೇಳುತ್ತೀರಲ್ಲ ಎಂದೆ. “ಅದರಾಗ ದನಿ ಸೀಳಂಗಿಲ್ಲಲ್ರಿ” ಎಂದರು.

ಸಂಗೀತದ ಮೇಲೆ ನಡೆಯುವ ವಿಚಾರಸಂಕಿರಣಗಳಲ್ಲಿ ನಾನು ಬಹಳ ಪ್ರಬಂಧ ಕೇಳಿದ್ದೇನೆ. ಎದುರು ಕುಳಿತು ಕೇಳುವುದಕ್ಕೂ ಯಂತ್ರದಿಂದ ಕೇಳುವುದಕ್ಕೂ ಇರುವ ಅಂತರವನ್ನು ಇಷ್ಟು ಕಡಿಮೆ ಮಾತಿನಲ್ಲಿ ಯಾರೂ ಹೇಳಲಿಲ್ಲ. ಮುದ್ರಿತ ಹಾಡಿನಲ್ಲಿ ತಪ್ಪಿದ್ದನ್ನು ತೆಗೆದುಹಾಕಿರುತ್ತಾರೆ, ಗೆದ್ದದ್ದನ್ನು ಮಾತ್ರ ಉಳಿಸಿರುತ್ತಾರೆ. ಫಲಿತಾಂಶ ಗೊತ್ತಿರುವ ಪಂದ್ಯವನ್ನು ಎರಡನೆಯ ಸಲ ನೋಡಿದ ಹಾಗೆ. ಎದುರಿಗಿರುವ ಗಾಯಕನು ಷಡ್ಜ ಮುಟ್ಟುವನೋ ಇಲ್ಲವೋ ಎಂಬುದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆಟ ಬಲ್ಲವನಿಗೆ ಈ ‘ಗೊತ್ತಿಲ್ಲ’ದ ರುಚಿ ಚೆನ್ನಾಗಿ ಗೊತ್ತು. ಅವನು ಹೊಸದಾಗಿ ಕಲಿಯಬೇಕಾದ್ದು ಒಂದೇ: ಇಲ್ಲಿ ಒಬ್ಬರು ಗೆಲ್ಲುವುದಕ್ಕೆ ಇನ್ನೊಬ್ಬರು ಬೆನ್ನು ಮಣ್ಣಿಗೆ ಹಚ್ಚಬೇಕಾಗಿಲ್ಲ. ಅದನ್ನು ಈ ತಂದೆ ಯಾರೂ ಹೇಳಿಕೊಡದೆ ಒಂದು ಸಂಜೆಯಲ್ಲಿ ಕಲಿತರು.

ಗ್ರಾಮಫೋನಿನಿಂದ ಭೀಮಸೇನ ಜೋಶಿಯವರು ಹುಟ್ಟಲಿಲ್ಲವೆ ಎಂದು ಯಾರಾದರೂ ಕೇಳಿಯಾರು. ಅಬ್ದುಲ್ ಕರೀಮ್ ಖಾನರ ತಟ್ಟೆ ಕೇಳಿ ಹುಚ್ಚು ಹಿಡಿದದ್ದು ನಿಜ. ಆದರೆ ಆ ಹುಡುಗ ತಟ್ಟೆಯ ಮುಂದೆ ಕುಳಿತಿರಲಿಲ್ಲವಲ್ಲ! 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಜೀವಂತ ಗುರುವನ್ನು ಹುಡುಕಿಕೊಂಡು ಗದಗಿನ ಮನೆಬಿಟ್ಟು ಓಡಿದ. ಶಾಲಾಮಾಸ್ತರರಾಗಿದ್ದ ತಂದೆ ಗುರುರಾಜ ಜೋಶಿಯವರು ಮಗ ಓದಿ ದೊಡ್ಡ ಕೆಲಸಕ್ಕೆ ಸೇರಲೆಂದು ಬಯಸಿದ್ದವರು. ಅವರೇ ಜಲಂಧರದ ವರೆಗೆ ಮಗನನ್ನು ಹುಡುಕಿ ಕರೆತಂದರು; ಮುಂದೆ ಆತ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ ಸೇರಿ ಕೊಡದಲ್ಲಿ ನೀರು ಹೊತ್ತು ಹಾಡು ಕಲಿತ. ಇದೇ ಭೀಮಸೇನರು ಎಳವೆಯಲ್ಲಿ ಫುಟ್ಬಾಲ್ ಆಡಿದವರು, ಒಳ್ಳೆಯ ಈಜುಗಾರರು ಎಂಬುದನ್ನು ಅವರ ಭಕ್ತರು ಏಕೋ ಮೆಲ್ಲಗೆ ಹೇಳುತ್ತಾರೆ.

ಇನ್ನು ಶಾಲೆಗಳ ಕಡೆಗೆ ಒಂದು ಮಾತು. ಆಟದ ಮಾಸ್ತರರಿರುವ ಎಷ್ಟೋ ಶಾಲೆಗಳಲ್ಲಿ ಸಂಗೀತದ ಮಾಸ್ತರರಿಲ್ಲ. ಇರುವ ಕಡೆ ಸಂಗೀತವನ್ನು ಏನು ಮಾಡಿದ್ದಾರೆಂದು ನೋಡಿರಿ. ಪ್ರತಿಭಾ ಕಾರಂಜಿಯಲ್ಲಿ ಮಗುವಿಗೆ ಕೆಲವೇ ನಿಮಿಷ, ಗಂಟೆ ಬಾರಿಸಿದರೆ ಇಳಿಯಬೇಕು, ಆಮೇಲೆ ಪ್ರಥಮ, ದ್ವಿತೀಯ, ತೃತೀಯ. ದೂರದರ್ಶನದ ವಾಹಿನಿಗಳಲ್ಲಿ ಇನ್ನೂ ಅಂದ: ಹಾಡಿದ ಕೂಸು ಅಂಕ ಕಾಯುತ್ತ ನಡುಗುತ್ತದೆ, ತಾಯಿ ಅಳುತ್ತಾಳೆ, ಅಳುವಿಗೆ ಬೇರೆಯೇ ಹಿನ್ನೆಲೆ ಸಂಗೀತ. ಹೀಗೆ ಮಾಡಿದರೆ ಆಟದ ಅಭಿಮಾನಿಗಳಾದ ಹೆತ್ತವರಿಗೆ ರುಚಿಸುತ್ತದೆಂದು ಇವರ ಸಮಾಧಾನ. ಇದರಷ್ಟು ದೊಡ್ಡ ಅವಮಾನವನ್ನು ಆ ಹೆತ್ತವರಿಗೆ ಬೇರೆ ಯಾರೂ ಮಾಡಿಲ್ಲ. ಅವರಿಗೆ ನಿಜವಾದ ಪಂದ್ಯ ಗೊತ್ತು. ಸುಳ್ಳು ಪಂದ್ಯವನ್ನು ಅವರು ಬೇಗ ಗುರುತಿಸುತ್ತಾರೆ. ‘ನೂರಾ ಕುಸ್ತಿ’ ಎಂಬ ಮಾತು ಗರಡಿಯಲ್ಲಿಯೇ ಹುಟ್ಟಿದ್ದಲ್ಲವೆ? ಒಳಗೊಳಗೆ ಒಪ್ಪಂದ ಮಾಡಿಕೊಂಡು ಆಡುವ ಕುಸ್ತಿ ಅದು. ಸಂಗೀತವನ್ನು ನೂರಾ ಕುಸ್ತಿ ಮಾಡಿ ಪೈಲವಾನರನ್ನು ಒಲಿಸಿಕೊಳ್ಳುತ್ತೇವೆಂದರೆ ಅವರು ಎದ್ದು ಹೋಗದೆ ಏನು ಮಾಡಿಯಾರು?

ನೌಕರಿಯ ಪ್ರಶ್ನೆ ಉಳಿದೇ ಇದೆ. ಅದಕ್ಕೆ ಯಮನ್ ಉತ್ತರವಲ್ಲ. ಶಾಲೆಗೊಬ್ಬ ಸಂಗೀತ ಶಿಕ್ಷಕನ ಹುದ್ದೆ ಕೊಟ್ಟರೆ ಅದು ಉತ್ತರ. ಅದು ಬರುವ ತನಕ ಆ ಹುಡುಗಿ ಸೈಕಲ್ ತುಳಿಯಲಿ, ಹಾಡಲಿ. ಎರಡಕ್ಕೂ ಬೇಕಾದ್ದು ಅದೇ ನಸುಕು, ಅದೇ ಉಸಿರು. ಒಂದನ್ನು ಬಿಡು ಎಂದು ತಂದೆ ಈಗ ಹೇಳುತ್ತಿಲ್ಲ. ಏರಿನಲ್ಲಿ ಸೈಕಲ್ ಹತ್ತಿಸುವಾಗ ಉಸಿರು ಹಿಡಿಯುವುದನ್ನು ‘ಆ ಹಾಡೂ ಅಕ್ಕನ’ ಹಾಗೆ ಮಾಡು ಎನ್ನುತ್ತಾರಂತೆ. ಇದು ಸರಿಯೋ ತಪ್ಪೋ ಸೈಕಲ್ ಬಲ್ಲವರು ಹೇಳಬೇಕು.

ಹೋದ ತಿಂಗಳು ಅವರು ಮತ್ತೆ ಬಂದಿದ್ದರು. ಊರ ತಾಲೀಮಿನಲ್ಲಿ ಒಂದು ಬೈಠಕ್ ಇಡಬೇಕೆಂದು ಅವರ ಆಸೆ. ಕಣದ ಮಣ್ಣು ಹದ ಮಾಡಿ, ನೀರು ಚಿಮುಕಿಸಿ, ಮೇಲೆ ಜಮಖಾನೆ ಹಾಸುತ್ತಾರಂತೆ. ಧ್ವನಿವರ್ಧಕ ಬೇಡ, ನಾಲ್ಕು ಗೋಡೆಗಳ ನಡುವೆ ನೂರು ಜನ, ಕೇಳಿಸದೆ ಏನು? ಸಂಜೆ ಆರಕ್ಕೆ ಶುರು, ಪಕ್ಕದ ಊರಿನವರಿಗೆ ಕೊನೆಯ ಬಸ್ಸು ಸಿಗಬೇಕು. ದ್ರಾಕ್ಷಿಯ ದುಡ್ಡಿನಲ್ಲಿ ಗಾಯಕಿಯ ಸಂಭಾವನೆ ಹೊಂದಿಸುತ್ತಾರೆ. ಇದನ್ನೆಲ್ಲ ಬರೆದು ಒಂದು ಸಭೆಯ ಕಾರ್ಯದರ್ಶಿಗಳಿಗೆ ಕಳಿಸಿದೆ, ಸಭೆಯ ಹೆಸರೇಕೆ? ‘ಅಲ್ಲಿಯ ಶ್ರೋತೃಗಳು ಇನ್ನೂ ತಯಾರಾಗಿಲ್ಲ, ಮೊದಲು ಒಂದು ರಸಗ್ರಹಣ ಶಿಬಿರ ಏರ್ಪಡಿಸೋಣ’ ಎಂದು ಉತ್ತರ ಬಂದಿದೆ. ರಸಗ್ರಹಣ ಶಿಬಿರ! ತಯಾರಾಗದವರು ಯಾರೆಂದು ಆ ಖಾಲಿ ಸೋಫಾಗಳನ್ನು ಕೇಳಬಹುದಿತ್ತು.

ಪೈಲವಾನರಿಗೆ ನಾನು ಈ ಉತ್ತರವನ್ನು ಓದಿ ಹೇಳಿಲ್ಲ. ನೇರವಾಗಿ ಗಾಯಕಿಗೇ ಕಾಗದ ಬರೆದಿದ್ದೇನೆ. ಅವರಿಗೆ ಈ ಮಧ್ಯೆ ಬೇರೆಯೇ ಒಂದು ಚಿಂತೆ ಹತ್ತಿದೆ, ನಿನ್ನೆ ರಾತ್ರಿ ದೂರವಾಣಿ ಮಾಡಿ ಕೇಳಿದರು: “ಸರ, ಹಾಡೂದಕಿಂತ ಮೊದಲ ಆಕಿಗಿ ಖುರಾಕ ಏನ್ ಕೊಡಬೇಕ್ರಿ? ಹಾಲು-ಬದಾಮ ನಡೀತೈತೋ ಇಲ್ಲೋ? ಹೊಟ್ಟಿ ಭಾರ ಆದ್ರ ದಮ್ಮು ಕಡಿತೈತ್ರಿ.”